ತಂತಿಯ ದಾರಿಯಲ್ಲಿ ಚೀಲದ ಅಳತೆ

ದೂರವಾಣಿಯ ತಂತಿಯ ಮೇಲೆ ಅಂತರಜಾಲವನ್ನು ಎಳೆದು ತರುತ್ತಿದ್ದ ಕಾಲವು ನಮ್ಮ ಭಾಗದಲ್ಲಿ ಬಹಳ ವರ್ಷ ಬಾಳಲಿಲ್ಲ. ಆದರೆ ಬಾಳಿದಷ್ಟು ದಿನವೂ ಅದು ಜನರ ತಾಳ್ಮೆಯನ್ನೂ ಕಿಸೆಯನ್ನೂ ಚೆನ್ನಾಗಿಯೇ ಪರೀಕ್ಷಿಸಿತು. ವಿದೇಶ ಸಂಚಾರ ನಿಗಮವು ೧೯೯೫ನೆಯ ಇಸವಿಯ ಆಗಸ್ಟ್ ೧೫ರಂದು ಭಾರತದ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲನ್ನು ತೆರೆಯಿತು. ಮೊದಮೊದಲು ಅದು ಮಹಾನಗರಗಳ ಸೊತ್ತಾಗಿತ್ತು. ೨೦೦೦ದ ಅಕ್ಟೋಬರ್ ೧ರಂದು ಭಾರತ ಸಂಚಾರ ನಿಗಮವು ಅಸ್ತಿತ್ವಕ್ಕೆ ಬಂದಿತು. ಅದರ ‘ಸಂಚಾರ್‌ನೆಟ್’ ಸೇವೆಯ ದಿನಗಳಲ್ಲಿ, ಮನೆಯಲ್ಲಿ ಒಂದು ದೂರವಾಣಿ, ಒಂದು ಗಣಕಯಂತ್ರ, ನಡುವೆ ಒಂದು ಮೋಡೆಮ್, ಇಷ್ಟಿದ್ದವರು ಸಣ್ಣ ಊರಿನಲ್ಲಿ ಕುಳಿತೂ ಜಗತ್ತಿನ ಪುಟಗಳನ್ನು ತೆರೆಯಬಹುದಾಗಿತ್ತು. ತೆರೆಯಬಹುದಾಗಿತ್ತು ಎಂಬುದೇ ಸರಿಯಾದ ಮಾತು. ಪುಟವು ಬರುವವರೆಗೆ ಚಹ ಕುಡಿದು ಬರುವಷ್ಟು ಅವಕಾಶವಿರುತ್ತಿತ್ತು. ಆ ಹೊತ್ತಿನಲ್ಲಿಯೂ ಕರೆಯ ಮೀಟರು ಮಾತ್ರ ಓಡುತ್ತಲೇ ಇರುತ್ತಿತ್ತು.

ಹೀಗಿರಲು, ತಡವೆಂದರೆ ನೇರವಾಗಿ ಹಣವೇ ಆಗಿದ್ದ ಆ ದಿನಗಳಲ್ಲಿ ಒಂದು ಉಪದೇಶವು ಬಲ್ಲವರ ಬಾಯಿಂದ ಬಾಯಿಗೆ ಹರಡಿತ್ತು. ಗಣಕಯಂತ್ರದ ಒಳಗೆ, ವಿಂಡೋಸ್ ೯೫ರ ‘ರಿಜಿಸ್ಟ್ರಿ’ ಎಂಬ ಗುಪ್ತ ಕಡತದಲ್ಲಿ, ಎಂ.ಟಿ.ಯು. ಎಂಬುದೊಂದು ಅಂಕಿ ಇದೆ. ಅದು ೧೫೦೦ ಇರುತ್ತದೆ. ಅದನ್ನು ೫೭೬ಕ್ಕೆ ಇಳಿಸಿದರೆ ಅಂತರಜಾಲದ ವೇಗವು ಇಮ್ಮಡಿಯಾಗುವದು! ಈ ಒಂದು ಅಂಕಿಯನ್ನು ತಿದ್ದುವದಕ್ಕಾಗಿಯೇ ಪುಟ್ಟ ಪುಟ್ಟ ತಂತ್ರಾಂಶಗಳು ಹುಟ್ಟಿದ್ದವು. ಕೆಲವರು ತಿದ್ದಿ ನೋಡಿ ಹೌದೆಂದರು. ಕೆಲವರು ಏನೂ ಆಗಲಿಲ್ಲವೆಂದರು. ವೇಗವು ಇನ್ನಷ್ಟು ಕುಸಿಯಿತೆಂದವರೂ ಉಂಟು. ಭೌತಶಾಸ್ತ್ರವನ್ನು ಕಲಿಸುವವನಿಗೆ ಇಂಥ ಪ್ರಸಂಗವು ಬಹಳ ಪ್ರಿಯವಾದದ್ದು. ಒಂದೇ ಪ್ರಯೋಗಕ್ಕೆ ಮೂರು ಫಲಗಳು ಬಂದರೆ, ಮೂವರಲ್ಲಿ ಇಬ್ಬರು ಸುಳ್ಳರೆಂದು ತಿಳಿಯುವದಕ್ಕಿಂತ ಮೂವರ ಸಲಕರಣೆಯೂ ಬೇರೆ ಬೇರೆಯಾಗಿತ್ತೆಂದು ಶಂಕಿಸುವದು ಲೇಸು.

ಈ ಅಂಕಿ ಯಾತರದೆಂಬುದನ್ನು ಮೊದಲು ನೋಡೋಣ. ದೂರವಾಣಿಯಲ್ಲಿ ಇಬ್ಬರು ಮಾತನಾಡುವಾಗ ದಾರಿಯೆಲ್ಲವೂ ಅವರಿಬ್ಬರಿಗೇ ಮೀಸಲು. ಅಂತರಜಾಲದಲ್ಲಿ ಹಾಗಲ್ಲ. ಅಲ್ಲಿ ಕಳಿಸಬೇಕಾದ ಬರಹವನ್ನಾಗಲಿ ಚಿತ್ರವನ್ನಾಗಲಿ ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಒಂದೊಂದು ಪೊಟ್ಟಣದಲ್ಲಿ ಕಟ್ಟಿ, ಮೇಲೆ ವಿಳಾಸದ ಚೀಟಿ ಅಂಟಿಸಿ ಸಾಮಾನ್ಯ ದಾರಿಗೆ ಬಿಡುವರು. ಅಮೆರಿಕೆಯ ಪಾಲ್ ಬ್ಯಾರನ್ ಎಂಬ ಎಂಜಿನಿಯರರು ೧೯೬೪ರಲ್ಲಿ ಈ ಉಪಾಯವನ್ನು ವಿಸ್ತಾರವಾಗಿ ಬರೆದು ಪ್ರಕಟಿಸಿದರು. ಅವರು ಎಣಿಸಿದ ತುಂಡು ೧,೦೨೪ ಬಿಟ್‌ಗಳದು. ಅದೇ ದಶಕದಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಡೇವೀಸರು ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದು, ಇಂಥ ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟರು. ಒಂದು ಪ್ಯಾಕೆಟ್ಟು ಎಷ್ಟು ದೊಡ್ಡದಿರಬಹುದೆಂಬ ಗರಿಷ್ಠ ಮಿತಿಯೇ ಎಂ.ಟಿ.ಯು. ಅದನ್ನು ಬೈಟ್‌ಗಳಲ್ಲಿ ಹೇಳುವರು. ಒಂದು ಬೈಟ್ ಎಂದರೆ ೮ ಬಿಟ್.

ನಮ್ಮ ಕಡೆಯ ಓದುಗರಿಗೆ ಇದನ್ನು ಜೋಳದ ಚೀಲದ ಮಾತಿನಿಂದ ತಿಳಿಸಬಹುದು. ಕಣದಿಂದ ಪೇಟೆಗೆ ಇಂತಿಷ್ಟು ಜೋಳ ಹೋಗಬೇಕಾಗಿದೆ ಎನ್ನಿ. ಚೀಲವೊಂದಕ್ಕೆ ಒಂದು ಚೀಟಿ ಕಟ್ಟಲೇಬೇಕು. ಚೀಲ ಚಿಕ್ಕದಾದರೂ ಚೀಟಿ ಅಷ್ಟೇ ದೊಡ್ಡದು. ಆದಕಾರಣ ಚಿಕ್ಕ ಚೀಲಗಳಲ್ಲಿ ತುಂಬಿದರೆ ಚೀಟಿಯ ಖರ್ಚು ಹೆಚ್ಚು. ಆದರೆ ದಾರಿಯಲ್ಲಿ ಹಳ್ಳ ದಾಟುವಾಗ ಒಂದು ಚೀಲ ನೀರಿಗೆ ಬಿದ್ದು ಕೆಟ್ಟರೆ, ಆ ಚೀಲದಷ್ಟನ್ನೂ ಕಣದಿಂದ ಮತ್ತೆ ತರಬೇಕು. ಆಗ ದೊಡ್ಡ ಚೀಲದವನಿಗೆ ದೊಡ್ಡ ನಷ್ಟ. ದಾರಿ ಒಳ್ಳೆಯದಿದ್ದರೆ ದೊಡ್ಡ ಚೀಲ ಲಾಭದ್ದು, ಕೆಟ್ಟದಿದ್ದರೆ ಚಿಕ್ಕ ಚೀಲ ಲಾಭದ್ದು. ಅಂತರಜಾಲದ ಪೊಟ್ಟಣಕ್ಕೆ ಸಾಮಾನ್ಯವಾಗಿ ೪೦ ಬೈಟ್‌ಗಳ ಚೀಟಿ: ಇಪ್ಪತ್ತು ಬೈಟ್ ಊರಿನ ವಿಳಾಸಕ್ಕೆ, ಇಪ್ಪತ್ತು ಬೈಟ್ ಪೊಟ್ಟಣದ ಕ್ರಮಸಂಖ್ಯೆ ಮುಂತಾದ ಲೆಕ್ಕಕ್ಕೆ. ೧೫೦೦ರಲ್ಲಿ ೪೦ ಹೋದರೆ ನೂರಕ್ಕೆ ೨.೭ ಮಾತ್ರ ನಷ್ಟ. ೫೭೬ರಲ್ಲಿ ೪೦ ಹೋದರೆ ನೂರಕ್ಕೆ ಸುಮಾರು ೭.

ಈ ೧೫೦೦, ೫೭೬ ಎಂಬ ಅಂಕಿಗಳಾದರೂ ಆಕಾಶದಿಂದ ಉದುರಿದವಲ್ಲ. ೧೫೦೦ ಎಂಬುದು ‘ಈಥರ್‌ನೆಟ್’ ಎಂಬ ಕಚೇರಿಯ ಒಳಜಾಲಕ್ಕೆ ಡಿಜಿಟಲ್, ಇಂಟೆಲ್, ಝೆರಾಕ್ಸ್ ಎಂಬ ಮೂರು ಸಂಸ್ಥೆಗಳು ೧೯೮೦ರಲ್ಲಿ ಗೊತ್ತುಮಾಡಿದ ಅಳತೆ. ೧೯೮೧ರ ಸೆಪ್ಟೆಂಬರಿನಲ್ಲಿ ಅಂತರಜಾಲದ ಮೂಲ ನಿಯಮಗಳು ಪ್ರಕಟವಾದಾಗ, ಜಾಲದ ಪ್ರತಿಯೊಂದು ಯಂತ್ರವೂ ಕಡಮೆಯೆಂದರೆ ೫೭೬ ಬೈಟ್‌ಗಳ ಪೊಟ್ಟಣವನ್ನು ಸ್ವೀಕರಿಸಲೇಬೇಕೆಂದು ಕಟ್ಟಳೆಯಾಯಿತು: ೫೧೨ ಬೈಟ್ ಸರಕಿಗೆ, ೬೪ ಬೈಟ್ ಚೀಟಿಗಳಿಗೆ. ಒಂದು ಅಂಕಿ ಕಚೇರಿಯ ನುಣುಪು ನೆಲದಲ್ಲಿ ಹುಟ್ಟಿದ್ದು, ಇನ್ನೊಂದು ಯಾವ ಹಾದಿಗಾದರೂ ಸೈ ಎಂದು ಹುಟ್ಟಿದ್ದು. ಇಂಡಿಯ ಮನೆಯಿಂದ ಹೊರಟ ದೂರವಾಣಿಯ ತಂತಿಯನ್ನು ಕಣ್ಣಮುಂದಿಟ್ಟುಕೊಂಡು ಎರಡರಲ್ಲಿ ಯಾವುದನ್ನೂ ಯಾರೂ ಎಣಿಸಿದ್ದಲ್ಲ.

ಹಾಗಾದರೆ ನಮ್ಮ ತಂತಿಯ ದಾರಿ ಹೇಗಿದ್ದಿತು? ಅಂದಿನ ಬಿಜಾಪುರ, ೨೦೧೪ರ ನವೆಂಬರ್ ೧ರಿಂದ ವಿಜಯಪುರವೆನಿಸಿಕೊಂಡ ಜಿಲ್ಲೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ದೂರವಾಣಿಯ ನಕಾಶೆಯಲ್ಲಿ ಬೇರೆ ಬೇರೆ ವಲಯಗಳು. ಇಂಡಿಗೆ ೦೮೩೫೯, ಸಿಂದಗಿಗೆ ೦೮೪೮೮, ಮುದ್ದೇಬಿಹಾಳಕ್ಕೆ ೦೮೩೫೬, ಬಾಗೇವಾಡಿಗೆ ೦೮೩೫೮ ಎಂದು ಎಸ್.ಟಿ.ಡಿ. ಸಂಖ್ಯೆಗಳು. ಹಳ್ಳಿಗಳಿಗೆ ಸ್ವಯಂಚಾಲಿತ ವಿನಿಮಯ ಕೇಂದ್ರಗಳು ಬಂದ ಕಥೆಯಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಪಾಲಿದೆ. ಸಿ-ಡಾಟ್ ಸಂಸ್ಥೆಯು ೧೯೮೪ರಲ್ಲಿ ಹುಟ್ಟಿ, ತಾನು ರೂಪಿಸಿದ ೧೨೮ ದ್ವಾರಗಳ ಗ್ರಾಮೀಣ ಕೇಂದ್ರವನ್ನು ೧೯೮೬ರಲ್ಲಿ ಮೊದಲು ಸ್ಥಾಪಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ತಂಪುಗಾಳಿಯ ಯಂತ್ರವಿಲ್ಲದೆಯೇ ನಮ್ಮ ಬಿಸಿಲು ಧೂಳುಗಳನ್ನು ತಾಳಿ ಅದು ಕೆಲಸ ಮಾಡುತ್ತಿತ್ತು. ಅಂಥ ಕೇಂದ್ರದ ಒಳಗೆ ಧ್ವನಿಯು ಅಂಕಿಗಳಾಗಿ ಮಾರ್ಪಡುತ್ತದೆ: ಸೆಕೆಂಡಿಗೆ ೮,೦೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆದು, ಒಟ್ಟು ಸೆಕೆಂಡಿಗೆ ೬೪,೦೦೦ ಬಿಟ್. ಒಮ್ಮೆ ಅಂಕಿಯಾದ ಮೇಲೆ ಅದಕ್ಕೆ ದಾರಿಯ ಭಯ ಕಡಮೆ.

ಭಯವೆಲ್ಲ ಇರುವದು ಮನೆಯಿಂದ ಆ ಕೇಂದ್ರದವರೆಗಿನ ಜೋಡಿ ತಾಮ್ರದ ತಂತಿಯಲ್ಲಿ. ಅರ್ಧ ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯ ರೋಧವು ಕಿಲೋಮೀಟರಿಗೆ ಸುಮಾರು ೮೮ ಓಮ್; ಹೋಗುವ ಬರುವ ಎರಡೂ ಎಳೆ ಸೇರಿದರೆ ೧೭೫. ಕೇಂದ್ರವು ಐದು ಕಿಲೋಮೀಟರ್ ದೂರವಿದ್ದರೆ ೮೭೫ ಓಮ್ ಆಯಿತು. ಇದು ೨೦ ಡಿಗ್ರಿ ಉಷ್ಣತೆಯ ಲೆಕ್ಕ. ನಮ್ಮ ಮೇ ತಿಂಗಳ ೪೨ ಡಿಗ್ರಿಗೆ ತಾಮ್ರದ ರೋಧವು ನೂರಕ್ಕೆ ಎಂಟರಷ್ಟು ಮತ್ತೆ ಏರುವದು. ರೋಧಕ್ಕಿಂತ ಕೆಟ್ಟದ್ದು ಸಂದಿನ ದೋಷ. ನಮ್ಮದು ಎರೆಭೂಮಿ: ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಹೀಗೆ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುವ ನೆಲದಲ್ಲಿ ಹೂತ ಕೇಬಲಿನ ಬೆಸುಗೆಯ ಮೇಲೆ ಎಳೆತ ಬೀಳದೆ ಇರದು. ಬೆಸುಗೆ ಸಡಿಲಾದಲ್ಲಿ ತೇವ ಸೇರುವದು, ತೇವ ಸೇರಿದಲ್ಲಿ ಸದ್ದು ಹುಟ್ಟುವದು. ಇದರ ಮೇಲೆ ಹೊಲದ ಪಂಪುಸೆಟ್ಟುಗಳ ಸ್ವಿಚ್ಚು ಹಾಕುವಾಗಿನ ಕಿಡಿ, ವಿದ್ಯುತ್ತಿನ ತಂತಿಯ ೫೦ ಆವರ್ತನದ ಗುಂಯ್‌ಗುಡುವಿಕೆ, ಮುಂಗಾರಿನ ಮಿಂಚು. ಮನುಷ್ಯರ ಕಿವಿ ಇವೆಲ್ಲವನ್ನೂ ದಾಟಿ ಮಾತನ್ನು ಹೆಕ್ಕಿಕೊಳ್ಳುವದು. ಮೋಡೆಮ್ಮಿಗೆ ಆ ಜಾಣ್ಮೆಯಿಲ್ಲ.

ತಂತಿಯ ಮೇಲೆ ಎಷ್ಟು ವೇಗ ಸಾಧ್ಯವೆಂಬುದಕ್ಕೆ ಕ್ಲಾಡ್ ಶಾನನ್ನರು ೧೯೪೮ರಲ್ಲಿ ಕೊಟ್ಟ ಸೂತ್ರವೇ ಅಂತಿಮ ತೀರ್ಪು. ದೂರವಾಣಿಯು ೩೦೦ರಿಂದ ೩,೪೦೦ ಆವರ್ತನದವರೆಗಿನ ಸ್ವರಗಳನ್ನು ಮಾತ್ರ ಒಯ್ಯುತ್ತದೆ; ಎಂದರೆ ಅಗಲ ೩,೧೦೦. ಸಂಕೇತವು ಸದ್ದಿಗಿಂತ ೩೫ ಡೆಸಿಬೆಲ್ ಮೇಲಿದ್ದರೆ, ಶಾನನ್ನರ ಸೂತ್ರದ ಮೇರೆಗೆ ಸೆಕೆಂಡಿಗೆ ಸುಮಾರು ೩೬,೦೦೦ ಬಿಟ್ ಸಾಗಬಹುದು. ಕಾರ್ಖಾನೆಯವರು ೩೩,೬೦೦ರ ಮೋಡೆಮ್ ಮಾಡಿ ನಿಲ್ಲಿಸಿದ್ದು ಇದೇ ಗೋಡೆಯನ್ನು ಮುಟ್ಟಿ. (೧೯೯೮ರ ‘೫೬ ಕೆ’ ಮೋಡೆಮ್ಮು ಗೋಡೆ ಹಾರಿದ್ದಲ್ಲ, ಆಚೆಯ ತುದಿಯನ್ನು ಪೂರ್ತಿ ಅಂಕಿಗಳ ದಾರಿ ಮಾಡಿಕೊಂಡು ಗೋಡೆಯನ್ನೇ ತುಸು ಸರಿಸಿದ್ದು.) ಸದ್ದು ಹೆಚ್ಚಿ ಅಂತರವು ೨೦ ಡೆಸಿಬೆಲ್ಲಿಗೆ ಇಳಿದರೆ ಅದೇ ಸೂತ್ರವು ೨೦,೬೦೦ ಬಿಟ್‌ಗೆ ನಿಲ್ಲಿಸಿಬಿಡುವದು. ಈ ಮಿತಿಯನ್ನು ಯಾವ ಗುಪ್ತ ಕಡತದ ಯಾವ ಅಂಕಿಯೂ ದಾಟಿಸಲಾರದು. ಚೀಲದ ಅಳತೆ ಬದಲಿಸಿದರೆ ರಸ್ತೆ ಅಗಲವಾಗುವದಿಲ್ಲ.

ರಸ್ತೆ ಅಗಲವಾಗದಿದ್ದರೂ, ಇದ್ದ ರಸ್ತೆಯನ್ನು ಹಾಳು ಮಾಡದೆ ಬಳಸಲು ಬರುವದಷ್ಟೆ? ಇಲ್ಲಿಯೇ ಲೆಕ್ಕದ ಸ್ವಾರಸ್ಯವಿರುವದು. ೬೦,೦೦೦ ಬೈಟ್‌ಗಳ ಒಂದು ಪುಟವು ಸೆಕೆಂಡಿಗೆ ೩೩,೬೦೦ ಬಿಟ್‌ಗಳಂತೆ ಬರಬೇಕಾಗಿದೆ ಎಂದು ತಿಳಿಯಿರಿ. ೧೫೦೦ರ ಚೀಲದಲ್ಲಿ ೧,೪೬೦ ಬೈಟ್ ಸರಕು ಹಿಡಿಯುವದು, ಚೀಲ ೪೨ ಬೇಕು. ೫೭೬ರ ಚೀಲದಲ್ಲಿ ೫೩೬ ಹಿಡಿಯುವದು, ಚೀಲ ೧೧೨ ಬೇಕು. ಸದ್ದೇ ಇಲ್ಲದ ಶುದ್ಧ ತಂತಿಯಲ್ಲಿ ದೊಡ್ಡ ಚೀಲದವನಿಗೆ ೧೪.೭ ಸೆಕೆಂಡು, ಚಿಕ್ಕ ಚೀಲದವನಿಗೆ ೧೫.೪ ಸೆಕೆಂಡು. ಉಪದೇಶ ಕೇಳಿ ಅಂಕಿ ತಿದ್ದಿದವನು ಅರ್ಧ ಸೆಕೆಂಡಿಗೂ ಮಿಕ್ಕಿ ಕಳೆದುಕೊಂಡನು!

ಈಗ ಲಕ್ಷ ಬಿಟ್‌ಗೆ ಒಂದು ಕೆಡುವ ತಂತಿಯನ್ನು ತೆಗೆದುಕೊಳ್ಳಿ. ಒಂದು ಬಿಟ್ ಕೆಟ್ಟರೂ ಇಡೀ ಚೀಲವನ್ನು ಮರಳಿ ಕಳಿಸಬೇಕು. ೧೨,೦೦೦ ಬಿಟ್‌ಗಳ ದೊಡ್ಡ ಚೀಲಗಳಲ್ಲಿ ನೂರಕ್ಕೆ ೧೧ ಕೆಡುವವು; ೪,೬೦೮ ಬಿಟ್‌ಗಳ ಚಿಕ್ಕವುಗಳಲ್ಲಿ ನೂರಕ್ಕೆ ನಾಲ್ಕೂವರೆ. ಫಲ: ದೊಡ್ಡದಕ್ಕೆ ೧೬.೬, ಚಿಕ್ಕದಕ್ಕೆ ೧೬.೧ ಸೆಕೆಂಡು. ತಕ್ಕಡಿ ಈಚೆಗೆ ವಾಲಿತು. ಇನ್ನೂ ಕೆಟ್ಟ ತಂತಿ, ಹತ್ತು ಸಾವಿರಕ್ಕೆ ಒಂದು ಬಿಟ್ ಕೆಡುವದೆನ್ನಿ. ಆಗ ದೊಡ್ಡ ಚೀಲಗಳಲ್ಲಿ ಹತ್ತಕ್ಕೆ ಏಳು ನೀರುಪಾಲು! ಪುಟ ಬರಲು ಅವನಿಗೆ ೪೯ ಸೆಕೆಂಡು ಹಿಡಿದರೆ, ಚಿಕ್ಕ ಚೀಲದವನು ೨೪ ಸೆಕೆಂಡಿನಲ್ಲಿ ಮುಗಿಸಿರುವನು. ‘ಇಮ್ಮಡಿ ವೇಗ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿ ನಿಂತಿದೆ. ಆದರೆ ಇಂಥ ಹಾಳು ತಂತಿಯಲ್ಲಿ ಮಾತ್ರ. ಮರಳಿ ಕೇಳುವ, ಕಾಯುವ ಹೊತ್ತನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ; ಹಿಡಿದರೆ ಎಲ್ಲ ಅಂಕಿಗಳೂ ಇನ್ನಷ್ಟು ಬೆಳೆಯುವವು.

ಹಾಗಿದ್ದರೆ ಅತ್ಯುತ್ತಮ ಅಳತೆ ಯಾವುದು? ಚೀಟಿಯಿಂದಾಗುವ ನಷ್ಟವು ಚೀಲ ದೊಡ್ಡದಾದಂತೆ ಇಳಿಯುವದು. ಕೆಡುವದರಿಂದಾಗುವ ನಷ್ಟವು ಚೀಲ ದೊಡ್ಡದಾದಂತೆ ಏರುವದು. ಎರಡೂ ಸಮವಾದಲ್ಲಿ ಒಟ್ಟು ನಷ್ಟವು ಅತ್ಯಲ್ಪ. ಪಿ.ಯು. ತರಗತಿಯ ವಿದ್ಯಾರ್ಥಿಯೂ ಇದನ್ನು ಕಲನಶಾಸ್ತ್ರದಿಂದ ಒಂದು ಸಾಲಿನಲ್ಲಿ ಸಾಧಿಸಬಲ್ಲನು: ಚೀಟಿಯ ಬಿಟ್‌ಗಳನ್ನು (೪೦ ಬೈಟ್, ಎಂದರೆ ೩೨೦ ಬಿಟ್) ಒಂದು ಬಿಟ್ ಕೆಡುವ ಸಂಭವದಿಂದ ಭಾಗಿಸಿ ವರ್ಗಮೂಲ ತೆಗೆದರಾಯಿತು. ಲಕ್ಷಕ್ಕೆ ಒಂದು ಕೆಡುವ ತಂತಿಗೆ ೩,೨೦,೦೦,೦೦೦ರ ವರ್ಗಮೂಲ ೫,೬೫೭ ಬಿಟ್, ಸುಮಾರು ೭೦೭ ಬೈಟ್. ಹತ್ತು ಲಕ್ಷಕ್ಕೆ ಒಂದು ಕೆಡುವ ಒಳ್ಳೆಯ ತಂತಿಗೆ ೨,೨೩೬ ಬೈಟ್. ಹತ್ತು ಸಾವಿರಕ್ಕೆ ಒಂದಾದರೆ ಬರೀ ೨೨೪. ತಂತಿಯು ನೂರು ಪಟ್ಟು ಕೆಟ್ಟರೂ ಚೀಲವು ಹತ್ತು ಪಟ್ಟು ಮಾತ್ರ ಕಿರಿದಾಗುವದು, ವರ್ಗಮೂಲದ ಔದಾರ್ಯವಿದು. ನಾನು ಈ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟಾಗಲೆಲ್ಲ, ೫೭೬ ಮತ್ತು ೧೫೦೦ ಎರಡೂ ಈ ಮೂರು ಉತ್ತರಗಳ ನಡುವೆ ಬಂದು ಕುಳಿತಿರುವದನ್ನು ಕಂಡು ಹುಡುಗರು ಹುಬ್ಬೇರಿಸುವರು.

ಆದರೆ ಲೆಕ್ಕವು ಇಲ್ಲಿಗೇ ಮುಗಿದಿದ್ದರೆ ಅದು ಪುಸ್ತಕದ ಬದನೆಕಾಯಿಯಾಗುತ್ತಿತ್ತು. ಮೋಡೆಮ್ ಎಂಬುದು ಮೂಕ ಚಕ್ಕಡಿಯಲ್ಲ. ಕರೆ ಕೂಡಿದೊಡನೆ ಕೇಳಿಬರುತ್ತಿದ್ದ ಆ ಕೀರಲು ಗೊಗ್ಗರು ಸ್ವರಗಳ ಜುಗಲ್‌ಬಂದಿಯಲ್ಲಿ ಎರಡು ತುದಿಯ ಮೋಡೆಮ್ಮುಗಳು ತಂತಿಯನ್ನು ತಟ್ಟಿ ನೋಡಿ, ಅದು ತಾಳುವಷ್ಟು ವೇಗವನ್ನೇ ಗೊತ್ತುಮಾಡಿಕೊಳ್ಳುತ್ತಿದ್ದವು. ತಂತಿ ಕೆಟ್ಟದ್ದೆಂದು ಕಂಡರೆ ೩೩,೬೦೦ ಬಿಟ್ಟು ೧೪,೪೦೦ಕ್ಕೋ ೯,೬೦೦ಕ್ಕೋ ಇಳಿಯುತ್ತಿದ್ದವು. ಅಷ್ಟೇ ಅಲ್ಲ; ೧೯೮೮ರ ‘ವಿ.೪೨’ ಎಂಬ ನಿಯಮದಂತೆ, ಮೋಡೆಮ್ಮು ತನಗೆ ಬಂದ ಸರಕನ್ನು ಸಾಮಾನ್ಯವಾಗಿ ೧೨೮ ಬೈಟ್‌ಗಳ ಸಣ್ಣ ಪುಡಿಕೆಗಳಾಗಿ ತಾನೇ ಕಟ್ಟಿ, ಕೆಟ್ಟ ಪುಡಿಕೆಯನ್ನಷ್ಟೇ ಮತ್ತೆ ತರಿಸಿಕೊಳ್ಳುತ್ತಿತ್ತು. ದೊಡ್ಡ ಚೀಲದ ನಷ್ಟವನ್ನು ಒಳಗಿನ ಸಣ್ಣ ಪುಡಿಕೆಗಳು ತಡೆದುಕೊಂಡವು. ಇಂಥ ಮೋಡೆಮ್ಮಿದ್ದವನು ಸಿಂದಗಿಯಲ್ಲಿಯೇ ಇರಲಿ ಮುದ್ದೇಬಿಹಾಳದಲ್ಲಿಯೇ ಇರಲಿ, ೫೭೬ಕ್ಕೆ ಇಳಿಸಿ ಪಡೆಯುವದು ಏನೂ ಇರಲಿಲ್ಲ. ಚೀಟಿಯ ಖರ್ಚನ್ನು ಮಾತ್ರ ಕಟ್ಟಿಕೊಳ್ಳುತ್ತಿದ್ದನು. ‘ಏನೂ ಆಗಲಿಲ್ಲ’ ಎಂದವರು, ‘ಕುಸಿಯಿತು’ ಎಂದವರು ಬಹುಶಃ ಇವರು.

ಹಾಗಾದರೆ ‘ಹೌದು’ ಎಂದವರೆಲ್ಲ ವಿ.೪೨ ಇಲ್ಲದವರೇ? ಹಾಗೂ ಅಲ್ಲ. ನಮ್ಮ ತಂತಿಯಾಚೆ ಅಂತರಜಾಲದ ಹೆದ್ದಾರಿಯಿದೆ. ಅಂದು ಅದರ ಕೆಲವು ದಾರಿಗಳ ಅಗಸೆಬಾಗಿಲು ೫೭೬ಕ್ಕಿಂತ ದೊಡ್ಡ ಚೀಲವನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲಿಗೆ ೧೫೦೦ರ ಚೀಲ ಬಂದರೆ ಅಲ್ಲಿಯೇ ಬಿಚ್ಚಿ ಮೂರು ತುಂಡು ಮಾಡಬೇಕು: ಸರಕು ೫೫೨, ೫೫೨, ೩೭೬ ಬೈಟ್, ಒಂದೊಂದಕ್ಕೂ ೨೦ ಬೈಟಿನ ಹೊಸ ಚೀಟಿ. ಮೂರರಲ್ಲಿ ಒಂದು ದಾರಿ ತಪ್ಪಿದರೂ ಮೂರನ್ನೂ ಮತ್ತೆ ಕಳಿಸಬೇಕು. ಇದನ್ನು ತಪ್ಪಿಸಲು ೧೯೯೦ರಲ್ಲಿ ಒಂದು ಜಾಣ ಏರ್ಪಾಟು ಬಂದಿತು. ‘ಬಿಚ್ಚಬೇಡಿ’ ಎಂಬ ಮುದ್ರೆಯೊತ್ತಿ ಚೀಲ ಕಳಿಸುವದು; ಹಿಡಿಸದಿದ್ದರೆ ಬಾಗಿಲವನು ‘ಇಷ್ಟು ಕಿರಿದು ಮಾಡಿ ಕಳಿಸು’ ಎಂದು ಹೇಳಿಕಳಿಸುವದು. ಆದರೆ ಎಷ್ಟೋ ಕಡೆ ಕಾವಲಿನವರು ಭದ್ರತೆಯ ನೆಪದಿಂದ ಆ ಹೇಳಿಕೆಯನ್ನೇ ತಡೆದುಬಿಡುತ್ತಿದ್ದರು. ಕಳಿಸಿದವನಿಗೆ ಸುದ್ದಿಯಿಲ್ಲ, ಕಾಯುವವನಿಗೆ ಚೀಲವಿಲ್ಲ. ಪುಟದ ಶೀರ್ಷಿಕೆ ಬಂದು ಮುಂದೆ ಏನೂ ಬಾರದೆ ಯಂತ್ರವು ಸ್ತಬ್ಧವಾಗುತ್ತಿದ್ದ ಪ್ರಸಂಗಗಳಲ್ಲಿ ಇದೂ ಒಂದು ಕಾರಣ. ಬಸವನ ಬಾಗೇವಾಡಿಯ ಗಣಕಯಂತ್ರದ ಅಂಕಿಯು ಸಾಗರದಾಚೆಯವನ ಚೀಲವನ್ನು ಹೇಗೆ ಬದಲಿಸೀತೆಂದು ವಾಚಕರು ಕೇಳಬಹುದು. ಸಂಭಾಷಣೆ ಆರಂಭವಾಗುವಾಗಲೇ ಪ್ರತಿಯೊಂದು ಯಂತ್ರವೂ ತನ್ನ ಚೀಲದ ಮಿತಿಯನ್ನು ಎದುರಿನವನಿಗೆ ತಿಳಿಸುವ ಪದ್ಧತಿಯಿದೆ. ಇಲ್ಲಿ ೫೭೬ ಎಂದಿಟ್ಟರೆ ಅಲ್ಲಿಂದ ಹೊರಡುವದೂ ಅದಕ್ಕೆ ತಕ್ಕದ್ದೇ. ಹೀಗೆ ದಾರಿಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವರಿಗೆ ಆ ತಿದ್ದುಪಡಿಯು ನಿಜವಾಗಿ ಬಿಡುಗಡೆ ಕೊಟ್ಟಿತು.

ವೇಗಕ್ಕಿಂತ ಭಿನ್ನವಾದ ಇನ್ನೊಂದು ಲಾಭವಿತ್ತು. ೯,೬೦೦ಕ್ಕೆ ಇಳಿದ ತಂತಿಯಲ್ಲಿ ೧೫೦೦ರ ಒಂದು ಚೀಲ ದಾಟಲು ಒಂದೂಕಾಲು ಸೆಕೆಂಡು ಬೇಕು. ೫೭೬ರದಕ್ಕೆ ಅರ್ಧ ಸೆಕೆಂಡಿಗೂ ಕಡಮೆ. ಕಡತವೊಂದು ಇಳಿಯುತ್ತಿರುವಾಗಲೇ ಅತ್ತ ಯಾರೊಡನೆಯೋ ಅಕ್ಷರ ಟೈಪಿಸಿ ಸಂಭಾಷಿಸುತ್ತಿದ್ದರೆ, ನಿಮ್ಮ ಒಂದಕ್ಷರದ ಉತ್ತರವು ಆ ದೊಡ್ಡ ಚೀಲದ ಹಿಂದೆ, ಎಮ್ಮೆಯ ಹಿಂದೆ ಸಿಕ್ಕ ಸೈಕಲ್ಲಿನಂತೆ, ಕಾಯಬೇಕು. ವ್ಯಾನ್ ಜೇಕಬ್ಸನ್ನರು ೧೯೯೦ರಲ್ಲಿ ಇದನ್ನು ಚರ್ಚಿಸಿ, ಮನುಷ್ಯರಿಗೆ ಸೆಕೆಂಡಿನ ಹತ್ತನೆಯ ಒಂದೆರಡು ಭಾಗಕ್ಕಿಂತ ಹೆಚ್ಚಿನ ತಡವು ಅಸಹ್ಯವೆಂಬುದನ್ನೇ ಚೀಲದ ಅಳತೆಗೆ ಮಾನದಂಡವಾಗಿ ಹಿಡಿದರು. ೪೦ ಬೈಟಿನ ಚೀಟಿಯನ್ನು ಮೂರರಿಂದ ಐದು ಬೈಟಿಗೆ ಹಿಂಡುವ ಉಪಾಯವನ್ನೂ ಅವರೇ ಕೊಟ್ಟರು. ಚೀಟಿಯೇ ಇಷ್ಟು ಚಿಕ್ಕದಾದ ಮೇಲೆ ಚಿಕ್ಕ ಚೀಲದ ಮೇಲಿನ ಆಕ್ಷೇಪಣೆಯೂ ಬಹುಮಟ್ಟಿಗೆ ಇಲ್ಲದಾಗುವದು.

ಇದೆಲ್ಲ ಕಳೆದುಹೋದ ಕಾಲದ ಮಾತೆಂದು ತಳ್ಳುವಂತಿಲ್ಲ. ೨೦೦೫ರಲ್ಲಿ ಬ್ರಾಡ್‌ಬ್ಯಾಂಡ್ ಬಂದು, ಅದೇ ತಾಮ್ರದ ತಂತಿಯನ್ನು ಬೇರೆ ಆವರ್ತನಗಳಲ್ಲಿ ದುಡಿಸಿತು. ಅಲ್ಲಿ ‘ಪಿ.ಪಿ.ಪಿ.ಓ.ಇ.’ ಎಂಬ ಹೊದಿಕೆ ೮ ಬೈಟ್ ತಿನ್ನುವದರಿಂದ ೧೫೦೦ರ ಬದಲು ೧೪೯೨ ಉಳಿಯಿತು. ಮನೆಗೆ ಬರುವ ಎಷ್ಟೋ ಸಂಪರ್ಕಗಳಲ್ಲಿ ಈ ೧೪೯೨ ಇಂದಿಗೂ ಇದೆ. ಮೊಬೈಲಿನ ದಾರಿಯಲ್ಲಿಯೂ ಹೊದಿಕೆಗಳು ತಮ್ಮ ಪಾಲನ್ನು ಕೇಳುತ್ತವೆ. ಐ.ಪಿ. ಆರನೆಯ ಆವೃತ್ತಿಯು ಕನಿಷ್ಠ ಮಿತಿಯನ್ನೇ ೧,೨೮೦ಕ್ಕೆ ಏರಿಸಿ, ನಡುದಾರಿಯಲ್ಲಿ ಚೀಲ ಬಿಚ್ಚುವದನ್ನು ನಿಷೇಧಿಸಿಬಿಟ್ಟಿದೆ. ಆದಕಾರಣ ‘ಕಿರಿದು ಮಾಡು’ ಎಂಬ ಹೇಳಿಕೆ ತಲಪದಿದ್ದಲ್ಲಿ ಪುಟವು ಇಂದಿಗೂ ಸ್ತಬ್ಧವಾಗಬಲ್ಲದು.

ನಿಮ್ಮ ಮನೆಯ ದಾರಿಯ ಅಳತೆಯನ್ನು ನೀವೇ ತಿಳಿಯಬಹುದು, ಖರ್ಚಿಲ್ಲ. ವಿಂಡೋಸ್ ಗಣಕಯಂತ್ರದ ಆಜ್ಞೆಯ ಕಿಟಕಿಯಲ್ಲಿ ‘ಪಿಂಗ್’ ಎಂಬ ಆಜ್ಞೆಯನ್ನು, ಬಿಚ್ಚಬೇಡಿ ಎಂಬ ಮುದ್ರೆ ಹಾಗೂ ಸರಕಿನ ಅಳತೆ ಎರಡನ್ನೂ ಸೇರಿಸಿ, ಯಾವುದಾದರೂ ಪ್ರಸಿದ್ಧ ತಾಣಕ್ಕೆ ಕಳಿಸಿರಿ. ೧,೪೭೨ರಿಂದ ಆರಂಭಿಸಿ. ಪಿಂಗಿನ ಚೀಟಿ ೨೮ ಬೈಟ್, ಒಟ್ಟು ೧೫೦೦. ಉತ್ತರ ಬಂದರೆ ದಾರಿ ಪೂರ್ತಿ ಅಗಲವಾಗಿದೆ. ಬಾರದಿದ್ದರೆ ಎಂಟೆಂಟಾಗಿ ಇಳಿಸುತ್ತ ಹೋಗಿ, ಮೊದಲು ಉತ್ತರ ಬಂದ ಅಂಕಿಗೆ ೨೮ ಕೂಡಿಸಿರಿ. ೧,೪೬೪ಕ್ಕೆ ಉತ್ತರ ಬಂದಿತೆ? ಹಾಗಾದರೆ ನಿಮ್ಮ ಚೀಲ ೧೪೯೨ರದು, ದಾರಿಯಲ್ಲೆಲ್ಲೋ ಆ ಎಂಟು ಬೈಟಿನ ಹೊದಿಕೆ ಕುಳಿತಿದೆ.